ಶ್ರೀತಾಳೆಯ ಬೆನ್ನುಹತ್ತಿ ಸಿಂಹಳಕ್ಕೆ

ಜಯನಗರ

ನಮ್ಮ ಶಾಲೆಯ ಪ್ರವಾಸವೆಂದರೆ ಇಷ್ಟು ವರ್ಷ ಲಾಲ್‌ಬಾಗು, ಅದು ಬಿಟ್ಟರೆ ಬನ್ನೇರುಘಟ್ಟ. ಬಂಡೆ ಹತ್ತಿ, ಪುಳಿಯೋಗರೆ ತಿಂದು, ಕತ್ತಲಾಗುವ ಮುಂಚೆ ಹುಡುಗಿಯರನ್ನು ಅವರವರ ಮನೆಗೆ ಒಪ್ಪಿಸಿದರೆ ಮುಗಿಯಿತು. ಒಂದು ಸಲ ಹುಳಿಮಾವು ಕೆರೆಗೆ ಹೋಗಿ ಕೊಕ್ಕರೆ ನೋಡಿ ಬಂದದ್ದನ್ನೇ ನಮ್ಮ ಹೆಡ್‌ಮಿಸ್ಟ್ರೆಸ್ಸರು ವಾರ್ಷಿಕೋತ್ಸವದಲ್ಲಿ 'ಶೈಕ್ಷಣಿಕ ಯಾತ್ರೆ' ಎಂದು ಗಟ್ಟಿಯಾಗಿ ಓದಿದ್ದರು. ಅಂಥ ಶಾಲೆಯಿಂದ ಹದಿನಾರು ಹುಡುಗಿಯರನ್ನು ಕಟ್ಟಿಕೊಂಡು ಈ ಬೇಸಗೆಯಲ್ಲಿ ನಾನು ಸಮುದ್ರ ದಾಟಿ ಸಿಂಹಳಕ್ಕೆ ಹೋಗಿ ಬಂದೆ ಎಂದರೆ ನಾಲ್ಕನೇ ಬ್ಲಾಕಿನಲ್ಲಿ ಕೆಲವರು ಇನ್ನೂ ನಂಬುತ್ತಿಲ್ಲ.

ನಂಬದಿದ್ದರೆ ಬಿಡಲಿ. ಹೋದದ್ದು ಏಕೆ ಎಂದು ಮೊದಲು ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ನಮ್ಮ ಪಠ್ಯದಲ್ಲಿ ತಾಳೆಯ ಜಾತಿಯ ಮರಗಳ ಪಾಠವಿದೆ. ಅದರ ಕೊನೆಗೆ ಶ್ರೀತಾಳೆ. ಹಿಂದಿನವರು ಓಲೆಗರಿಯ ಮೇಲೆ ಬರೆದರಲ್ಲ, ಆ ಗರಿ ಕೊಟ್ಟ ಮರ. ಇದು ಐವತ್ತು ಅರವತ್ತು ವರ್ಷ ಸುಮ್ಮನೆ ಬೆಳೆಯುತ್ತದೆ. ಆಮೇಲೆ ಒಂದೇ ಸಲ, ನೆತ್ತಿಯ ಮೇಲೆ ಮನೆಯಷ್ಟು ದೊಡ್ಡ ಹೂಗೊಂಚಲು ಬಿಡುತ್ತದೆ, ಕಾಯಾಗುತ್ತದೆ, ಸಾಯುತ್ತದೆ. ಪುಸ್ತಕದಲ್ಲಿ ಅದರ ಚಿತ್ರವೂ ಇದೆ, ಆದರೆ ಅಚ್ಚಿನ ಮಸಿ ಹರಡಿ ಅದು ತಲೆಕೆಳಗಾಗಿ ನಿಲ್ಲಿಸಿದ ಕಸಬರಿಕೆಯ ಹಾಗೆ ಕಾಣುತ್ತದೆ. ಆ ಕಸಬರಿಕೆಯನ್ನು ತೋರಿಸಿ 'ಜಗತ್ತಿನ ಅತಿ ದೊಡ್ಡ ಹೂಗೊಂಚಲು' ಎಂದು ವರ್ಷ ವರ್ಷ ಪಾಠ ಮಾಡಿ ನನಗೆ ಬೇಸರ ಬಂದಿತ್ತು. ಹೂ ಬಿಟ್ಟ ಶ್ರೀತಾಳೆಯನ್ನು ಒಂದು ಸಲ ಕಣ್ಣಾರೆ ನೋಡಬೇಕು ಎನ್ನುವುದು ನನಗೆ ಹುಚ್ಚೇ ಆಗಿಹೋಯಿತು. ಸಿಂಹಳದಲ್ಲಿ ಕ್ಯಾಂಡಿಯ ಸುತ್ತಮುತ್ತ ಈ ಮರ ಬೇಕಾದಷ್ಟಿದೆ ಎಂದು ತಿಳಿದ ದಿನವೇ ನಾನು ಹೆಡ್‌ಮಿಸ್ಟ್ರೆಸ್ಸರ ಕೋಣೆಗೆ ನುಗ್ಗಿದೆ.

ಅವರು ಒಪ್ಪಿದರು. ಆದರೆ ಜೊತೆಗೆ ಒಬ್ಬ ಗಂಡಸು ಇರಬೇಕು ಎಂದರು. ಹೀಗೆ ಹಿಸ್ಟರಿ ಮೇಷ್ಟ್ರು ಶಾಮಣ್ಣನವರು ನಮ್ಮ ಪಾಲಿಗೆ ಬಂದರು. ಹನುಮಂತನಗರದವರು, ಮಡಿವಂತರು, ಪಂಚೆ ಕೋಟು ಟೋಪಿಯ ಮನುಷ್ಯ. ಅವರ ಪ್ರಾಣವೆಲ್ಲ ರೈಲಿನ ವೇಳಾಪಟ್ಟಿಯಲ್ಲಿತ್ತು. ನಮ್ಮನ್ನು ಬೀಳ್ಕೊಡಲು ಸ್ಟೇಷನ್ನಿಗೆ ಬಂದವರ ಗುಂಪು ಮದುವೆಯ ದಿಬ್ಬಣವನ್ನು ನಾಚಿಸುವಂತಿತ್ತು. ನಮ್ಮ ಹುಡುಗಿಯರಲ್ಲೊಬ್ಬಳಾದ ಪುಟ್ಟಲಕ್ಷ್ಮಿಯ ತಂದೆ, ಹುಳಿಮಾವಿನ ರಾಗಿ ಹೊಲ ಬಿಟ್ಟು ಅಷ್ಟು ದೂರ ಬಂದವರು, ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು.

"ಟೀಚರಮ್ಮ, ಅಲ್ಲಿ ರಾವಣನ ಕಡೇರು ಇನ್ನೂ ಅವ್ರಾ?"

"ಇಲ್ಲ ಗೌಡ್ರೆ, ಈಗ ಎಲ್ಲ ಒಳ್ಳೇವ್ರೇ ಇದಾರೆ."

"ಹಂಗಾರೆ ಸರಿ. ಮಕ್ಕಳ್ನ ಎಣಿಸ್ಕೊಂಡು ಎಣಿಸ್ಕೊಂಡು ಕರ್ಕೊಂಡ್ ಬನ್ನಿ."

ಧನುಷ್ಕೋಟಿ

ರೈಲು ಹಳಿಯ ಎರಡೂ ಕಡೆ ನೀರು ಬಂದಾಗ ಡಬ್ಬಿಯೊಳಗೆ ಗಲಾಟೆಯೋ ಗಲಾಟೆ. ಹದಿನಾರು ತಲೆಗಳೂ ಕಿಟಕಿಯ ಹೊರಗೆ. ನಮ್ಮ ಹುಡುಗಿಯರಲ್ಲಿ ಸಮುದ್ರ ನೋಡಿದವಳು ಒಬ್ಬಳೂ ಇರಲಿಲ್ಲ. ಹಳಿಯ ತುದಿಯಲ್ಲಿ ಇಳಿದಾಗ ಕಂಡದ್ದು ಮರಳು, ಗಾಳಿ, ಕಟ್ಟೆಗೆ ಒರಗಿ ನಿಂತ ಬಿಳಿ ಹಡಗು. ಪುಟ್ಟಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನೀರನ್ನು ಪರೀಕ್ಷೆ ಮಾಡಿದಳು.

"ಟೀಚರ್, ಇದಕ್ಕೆ ಏರಿ ಎಲ್ಲಿ?"

ಕೆರೆಯ ಪಕ್ಕದಲ್ಲಿ ಹುಟ್ಟಿದ ಹುಡುಗಿಗೆ ಏರಿಯೇ ಇಲ್ಲದೆ ಇಷ್ಟು ನೀರು ನಿಂತಿದೆ ಎಂದರೆ ಅನುಮಾನವಾಗದೆ ಇರುತ್ತದೆಯೇ! ನನಗೆ ನಗು ಬಂತು. ಆದರೆ ಉತ್ತರ ಹೇಳುವ ಬದಲು ನಾನೂ ಅವಳ ಪಕ್ಕದಲ್ಲಿ ನಿಂತು ನೀರನ್ನೇ ನೋಡಿದೆ. ನಾನೂ ಅವತ್ತೇ ಮೊದಲ ಸಲ ಸಮುದ್ರ ನೋಡುತ್ತಿದ್ದೆ. ಅದನ್ನು ಹುಡುಗಿಯರಿಗೆ ಹೇಳಿರಲಿಲ್ಲ ಅಷ್ಟೆ.

ಹಡಗು ಹೊರಟ ಮೇಲೆ ಅರ್ಧ ಜನಕ್ಕೆ ತಲೆಸುತ್ತು. ಬನಶಂಕರಿಯ ಇಬ್ಬರು ಅಕ್ಕತಂಗಿಯರು ಒಬ್ಬರ ಹಣೆ ಒಬ್ಬರು ಹಿಡಿದುಕೊಂಡು ಕಂಬಿಗೆ ಅಂಟಿಕೊಂಡರು. ಶಾಮಣ್ಣನವರು ಹಡಗಿನ ಮಧ್ಯದಲ್ಲಿ ಕಣ್ಣುಮುಚ್ಚಿ ಕೂತು ವಿಷ್ಣು ಸಹಸ್ರನಾಮ ಶುರುಮಾಡಿದವರು ಎದುರು ದಡದ ತನಕ ನಿಲ್ಲಿಸಲಿಲ್ಲ.

ತಲೈಮನ್ನಾರ್

ಸಿಂಹಳದ ದಡದ ಈ ಬಂದರಿನಲ್ಲಿ ಒಂದು ತಮಾಷೆ ನಡೆಯಿತು. ಗಂಟುಮೂಟೆ ತಪಾಸಣೆ ಮಾಡುವ ಅಧಿಕಾರಿ ಬಹಳ ಶಿಸ್ತಿನ ಮನುಷ್ಯ. ಹೊರದೇಶದ ಗಿಡವಾಗಲಿ ಮಣ್ಣಾಗಲಿ ದ್ವೀಪದೊಳಗೆ ಬರಕೂಡದು ಎಂದು ಮೊದಲೇ ಎಚ್ಚರಿಸಿದ. ನಾನು ಸಸ್ಯಗಳ ಪಾಠ ಮಾಡುವವಳು ಎಂದು ತಿಳಿದ ಮೇಲಂತೂ ಅವನ ಕಣ್ಣು ನಮ್ಮ ಮೇಲೆಯೇ. ಮೊದಲ ಟ್ರಂಕು ತೆಗೆಸಿದ. ಒಂದು ಡಬ್ಬಿ. ಡಬ್ಬಿಯೊಳಗೆ ನುಣ್ಣನೆ ಕೆಂಪು ಪುಡಿ. ಎರಡನೆಯ ಟ್ರಂಕು ತೆಗೆಸಿದ. ಅದರಲ್ಲೂ ಅಂಥದೇ ಡಬ್ಬಿ, ಅಂಥದೇ ಪುಡಿ. ಐದಾರು ಟ್ರಂಕು ಆಗುವ ಹೊತ್ತಿಗೆ ಅವನ ಮುಖ ಗಂಭೀರವಾಯಿತು.

"ಇಷ್ಟೊಂದು ಮಣ್ಣು ಯಾಕೆ ತಂದಿದ್ದೀರಿ, ಮೇಡಂ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಮಣ್ಣಲ್ಲ, ರಾಗಿ ಹುರಿಹಿಟ್ಟು! ಪರದೇಶದಲ್ಲಿ ಮಕ್ಕಳು ಹಸಿದುಕೊಂಡರೆ ಎಂದು ಪ್ರತಿಯೊಬ್ಬ ತಾಯಿಯೂ ಬೇರೆಯವರಿಗೆ ಹೇಳದೆ ಒಂದೊಂದು ಡಬ್ಬಿ ತುಂಬಿ ಕಳಿಸಿದ್ದಳು. ನಾನು ಇಂಗ್ಲಿಷಿನಲ್ಲಿ ಏನು ವಿವರಿಸಿದರೂ ಅವನಿಗೆ ನಂಬಿಕೆ ಬರಲಿಲ್ಲ. ಆಗ ಪುಟ್ಟಲಕ್ಷ್ಮಿ ಮುಂದೆ ಬಂದು, ಹಿಟ್ಟಿಗೆ ಬೆಲ್ಲ ಹಾಕಿ, ನೀರು ಚಿಮುಕಿಸಿ, ಅವನ ಮೇಜಿನ ಮೇಲೆಯೇ ಉಂಡೆ ಕಟ್ಟಿದಳು. ಒಂದನ್ನು ತಾನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಅವನ ಮುಂದೆ ಹಿಡಿದು, "ತಿನ್ನಿ ಸಾರ್, ಏನೂ ಆಗಲ್ಲ" ಎಂದು ಅಪ್ಪಟ ಕನ್ನಡದಲ್ಲಿ ಹೇಳಿದಳು. ಅವನು ಹೆದರಿಕೊಂಡೇ ಕಚ್ಚಿದ. ಅಗಿದ. ಮುಖ ಅರಳಿತು.

"ಕುರಕ್ಕನ್!" ಎಂದ.

ಅವರ ಭಾಷೆಯಲ್ಲಿ ರಾಗಿಗೆ ಕುರಕ್ಕನ್ ಎನ್ನುತ್ತಾರಂತೆ. ಅವನ ಊರಲ್ಲೂ ಬೆಳೆಯುತ್ತಾರಂತೆ. ಉಳಿದ ಟ್ರಂಕುಗಳನ್ನು ತೆಗೆಸದೆಯೇ ಸೀಮೆಸುಣ್ಣದ ಗುರುತು ಹಾಕಿಬಿಟ್ಟ. ಪರದೇಶದ ಬಾಗಿಲಲ್ಲೇ ರಾಗಿ ತಿನ್ನುವವನು ಸಿಕ್ಕಿದನಲ್ಲ ಎಂದು ನಮಗೆಲ್ಲ ಬಹಳ ಧೈರ್ಯ ಬಂತು.

ಕ್ಯಾಂಡಿ, ಪೆರಾದೆನಿಯ

ಕ್ಯಾಂಡಿಯ ಬೆಟ್ಟಗಳಿಗೆ ರೈಲು ಹತ್ತುವಾಗ ಕಂಡ ಹಸಿರನ್ನು ವರ್ಣಿಸಲು ಹೋಗುವುದಿಲ್ಲ. ಹುಡುಗಿಯರು "ಟೀಚರ್, ಅಲ್ನೋಡಿ, ಟೀಚರ್, ಇಲ್ನೋಡಿ" ಎಂದು ನನ್ನನ್ನು ಎರಡು ಕಿಟಕಿಗಳ ನಡುವೆ ಎಳೆದಾಡಿದ್ದಷ್ಟೇ ನೆನಪು. ಊಟದ ಮನೆಯಲ್ಲಿ ಕೆಂಪಗಿನ ತೆಂಗಿನಕಾಯಿ ಚಟ್ನಿ ಬಡಿಸಿದರು. ಶಾಮಣ್ಣನವರಿಗೆ ಅದು ಹಿಡಿಸಿಬಿಟ್ಟಿತು. ಎರಡು ಸಲ ಹಾಕಿಸಿಕೊಂಡು, ಮನೆಯವರಿಗೆ ಹೇಳಿಕೊಡಬೇಕು ಎಂದು ಅಡಿಗೆಯವನನ್ನು ಕರೆದು ವಿಧಾನ ಕೇಳಿದರು. ಅವನು ತಮಿಳಿನಲ್ಲಿ ಸಂತೋಷದಿಂದ ಹೇಳಿದ: ತೆಂಗಿನತುರಿ, ಮೆಣಸಿನಕಾಯಿ, ನಿಂಬೆಹುಳಿ, ಆಮೇಲೆ ಚೆನ್ನಾಗಿ ಕುಟ್ಟಿದ ಒಣ ಮೀನು. ಶಾಮಣ್ಣನವರು ಎದ್ದು ಹೋಗಿ ಸ್ನಾನ ಮಾಡಿದರು. ಅವತ್ತಿನಿಂದ ಕೊನೆಯವರೆಗೂ ಅವರು ಬದುಕಿದ್ದು ಹುರಿಹಿಟ್ಟಿನ ಮೇಲೆಯೇ.

ಮರುದಿನ ಪೆರಾದೆನಿಯದ ಸಸ್ಯೋದ್ಯಾನ. ಲಾಲ್‌ಬಾಗನ್ನು ಅಂಗಳದಷ್ಟು ಪರಿಚಯ ಮಾಡಿಕೊಂಡವಳು ನಾನು. ಹೊರಗಿನವರ ತೋಟವನ್ನು ಸುಲಭಕ್ಕೆ ಹೊಗಳುವುದಿಲ್ಲ. ಆದರೂ ಇಲ್ಲಿ ಬಾಯಿ ಮುಚ್ಚಿಕೊಂಡೆ. ಒಂದು ಆಲದ ಜಾತಿಯ ಮರ ಇಡೀ ಹುಲ್ಲುಗಾವಲಿಗೆ ಕೊಡೆ ಹಿಡಿದು ನಿಂತಿತ್ತು. ಅದರ ಬೇರುಗಳ ನಡುವೆ ನಮ್ಮ ಹದಿನಾರು ಜನ ಕಣ್ಣಾಮುಚ್ಚಾಲೆ ಆಡಿದರು. ಎರಡು ಕಾಯಿ ಅಂಟಿಕೊಂಡಂತಿರುವ, ಕೊಡದಷ್ಟು ದೊಡ್ಡ ಜೋಡಿ ತೆಂಗಿನಕಾಯಿಯನ್ನು ಎತ್ತಲು ಹೋಗಿ ಇಬ್ಬರು ಬಿದ್ದರು. ಸಾವಿರಾರು ತೊಗಲುಬಾವಲಿಗಳು ಹಗಲಲ್ಲೇ ಕಿರುಚುತ್ತಿದ್ದವು. ತೂಗುಸೇತುವೆಯ ಮೇಲೆ ಹುಡುಗಿಯರು ಕುಣಿದಾಗ ಶಾಮಣ್ಣನವರು ಈಚೆ ದಡದಲ್ಲಿ ನಿಂತು ಕೊಡೆ ಆಡಿಸುತ್ತ ಕೂಗಿಕೊಂಡರು.

ನನ್ನ ಕಣ್ಣು ಮಾತ್ರ ಒಂದನ್ನೇ ಹುಡುಕುತ್ತಿತ್ತು. ಶ್ರೀತಾಳೆಗಳು ಇದ್ದವು. ಒಂದೊಂದು ಗರಿಯ ಕೆಳಗೆ ನಮ್ಮ ಇಡೀ ತರಗತಿ ನಿಲ್ಲಬಹುದು. ಆದರೆ ಯಾವುದರ ನೆತ್ತಿಯಲ್ಲೂ ಹೂವಿಲ್ಲ. ತೋಟದ ಮೇಲ್ವಿಚಾರಕರನ್ನು ಕೇಳಿದೆ. ಅವುಗಳಲ್ಲೊಂದು ಹೂ ಬಿಟ್ಟು, ಕಾಯಿ ಉದುರಿಸಿ, ಒಣಗಿ, ಹೋದ ವರ್ಷ ಬಿದ್ದುಹೋಯಿತು, ಇನ್ನೊಂದು ಯಾವಾಗ ಎಂದು ಹೇಳಲಾಗದು ಎಂದರು. ನಾನು ಅಲ್ಲೇ ಹುಲ್ಲಿನ ಮೇಲೆ ಕೂತೆ. ಅಳು ಬರುವಂತಾಯಿತು. ಹುಡುಗಿಯರು ಸುತ್ತ ಬಂದು ನಿಂತರು.

"ಟೀಚರ್, ಬೇಜಾರ್ ಮಾಡ್ಕೋಬೇಡಿ. ನಾಳೇನೂ ಇದೆಯಲ್ಲ, ಹುಡುಕೋಣ" ಎಂದಳು ಪುಟ್ಟಲಕ್ಷ್ಮಿ.

ಕಳೆದುಹೋದ ಎಮ್ಮೆ ಹುಡುಕಲು ಹೊರಟವಳ ದನಿ ಅವಳದು. ಆದರೆ ನಾಳೆಯೆಂದರೆ ಒಂದೇ ದಿನ. ಅದರ ಸಂಜೆಯೇ ನಾವು ಹಿಂದಿರುಗುವ ರೈಲು ಹತ್ತಬೇಕಿತ್ತು.

ಗುಡ್ಡದ ವಿಹಾರ

ಕೊನೆಯ ದಿನ ಶಾಮಣ್ಣನವರದು. ಕ್ಯಾಂಡಿಯಿಂದ ಸ್ವಲ್ಪ ದೂರದ ಗುಡ್ಡದ ಮೇಲಿರುವ ಪುಟ್ಟ ವಿಹಾರದಲ್ಲಿ ಹಳೆಯ ಭಿತ್ತಿಚಿತ್ರಗಳಿವೆ, ಅವನ್ನು ತೋರಿಸಲೇಬೇಕು ಎಂದು ಹಟ ಹಿಡಿದರು. ಬಾಡಿಗೆ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ನಾನು ಒಂದು ಕಿಟಕಿ, ಹುಡುಗಿಯರು ಉಳಿದ ಕಿಟಕಿಗಳನ್ನು ಹಂಚಿಕೊಂಡು ಮರಗಳ ನೆತ್ತಿಯನ್ನೇ ನೋಡಿದೆವು. ತೆಂಗು, ಅಡಿಕೆ, ಬೈನೆ ಎಲ್ಲವೂ ಸಿಕ್ಕವು.

ಮುಂದೆ ನಡೆದದ್ದನ್ನು ತಿಳಿಯಬೇಕಾದರೆ ಒಂದು ವಿಷಯ ಗೊತ್ತಿರಬೇಕು. ನಮ್ಮ ಜಯನಗರದಲ್ಲಿ ಸಂಜೆಯಾದರೆ ಹೂವಿನವಳು ಬೀದಿಯಲ್ಲಿ ಕೂಗುತ್ತ ಬರುತ್ತಾಳೆ. ಹೂವಿಲ್ಲದ ಜಡೆ ನಮ್ಮ ಹುಡುಗಿಯರಿಗೆ ಗೊತ್ತೇ ಇಲ್ಲ. ಸಿಂಹಳದ ಹೆಂಗಸರು ಹೂ ಮುಡಿಯುವುದನ್ನು ನಾವು ಎಲ್ಲೂ ಕಾಣಲಿಲ್ಲ. ಎಷ್ಟೋ ದಿನದಿಂದ ಬರಿಯ ಜಡೆಯಲ್ಲಿ ತಿರುಗಿ ಹುಡುಗಿಯರು ಸೊರಗಿದ್ದರು. ವಿಹಾರದ ಒಳಗೆ ಬುದ್ಧನ ಮುಂದಿನ ಕಲ್ಲುಹಾಸಿನ ಮೇಲೆ, ತೊಟ್ಟು ತೆಗೆದ ಬಿಡಿ ಮಲ್ಲಿಗೆ, ನೈದಿಲೆ, ಬಿಳಿಯ ಸಂಪಿಗೆಗಳನ್ನು ಯಾರೋ ಸಾಲುಸಾಲಾಗಿ ಜೋಡಿಸಿಟ್ಟಿದ್ದರು. ದೀಪ ಉರಿಯುತ್ತಿತ್ತು. ಅಂದರೆ ಪೂಜೆ ಆಗಿದೆ. ಪೂಜೆ ಆದ ಮೇಲೆ ದೇವರ ಮುಂದಿನ ಹೂ ಏನು? ಪ್ರಸಾದ!

ನಾನು ಶಾಮಣ್ಣನವರ ಜೊತೆ ಗೋಡೆಯ ಚಿತ್ರ ನೋಡುತ್ತಿದ್ದೆ. ತಿರುಗುವಷ್ಟರಲ್ಲಿ ಕಲ್ಲುಹಾಸು ಖಾಲಿ. ಹದಿನಾರು ಜಡೆಗಳಲ್ಲೂ ಹೂ. ಪುಟ್ಟಲಕ್ಷ್ಮಿ ಉಳಿದ ಒಂದು ಮಲ್ಲಿಗೆಯನ್ನು ಕಣ್ಣಿಗೊತ್ತಿಕೊಂಡು, ಆಘ್ರಾಣಿಸಿ, ನನಗಾಗಿ ತರುತ್ತಿದ್ದಳು. ಬಾಗಿಲಲ್ಲಿ ಒಬ್ಬ ಮುದುಕಿ ನೀರಿನ ತಂಬಿಗೆ ಹಿಡಿದು ನಿಂತಿದ್ದರು. ಬಿಳಿಯ ಸೀರೆ, ಬೆಳ್ಳಿಯಂಥ ಕೂದಲು. ಆ ಹೂಗಳನ್ನು ಬೆಳಗಿನಿಂದ ಒಂದೊಂದಾಗಿ ಜೋಡಿಸಿದವರು ಅವರೇ. ಅವರು ಹೊಸ್ತಿಲ ಮೇಲೆ ಕುಸಿದು ಕೂತರು.

ಅವರ ಹಿಂದೆ ಬಂದ ಸೊಸೆ ನನಗೆ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದಳು. ಹೆಸರು ಸೋಮಾ, ಹಳ್ಳಿಯ ಶಾಲೆಯಲ್ಲಿ ಟೀಚರ್. ಬುದ್ಧನಿಗೆ ಕೊಟ್ಟ ಹೂ ವಾಪಸು ಬರುವುದಿಲ್ಲ. ಅದು ಅಲ್ಲೇ ಬಾಡಬೇಕು. ಕೊಡುವ ಮುಂಚೆ ಮೂಸಿಯೂ ನೋಡುವ ಹಾಗಿಲ್ಲ. ನಾನು ಭೂಮಿಗೆ ಇಳಿದುಹೋದೆ.

"ಅಲ್ಲ ಟೀಚರ್, ದೇವ್ರ ಮುಂದಿನ ಹೂ ಮುಡ್ಕೊಳ್ದೆ ಹಂಗೇ ಬಿಟ್ರೆ ಪಾಪ ಬರಲ್ವಾ?" ಪುಟ್ಟಲಕ್ಷ್ಮಿಯ ಕಣ್ಣಲ್ಲಿ ನೀರು.

ಆ ಮಾತನ್ನು ಹಾಗೆಯೇ ಸೋಮಾಗೆ ಹೇಳಿದೆ. ನಮ್ಮಲ್ಲಿ ದೇವರು ಹೂವನ್ನು ತಿರುಗಿ ಕೊಡುತ್ತಾನೆ, ಮುಡಿಯದಿದ್ದರೆ ಅವನಿಗೆ ಅವಮಾನ, ಮಕ್ಕಳು ಮಾಡಿದ್ದು ಭಕ್ತಿಯಿಂದ ಎಂದೆ. ಸೋಮಾ ಅತ್ತೆಗೆ ವಿವರಿಸಿದಳು. ಮುದುಕಿ ತಲೆಯೆತ್ತಿ ಹದಿನಾರು ಅಳುಮುಖಗಳನ್ನು ನೋಡಿದರು. ಏನೋ ಹೇಳಿದರು.

"ಹಾಗಾದರೆ ಹೊಸ ಹೂ ತರಲಿ, ಅಂತಾರೆ."

ಹೇಳಿದ್ದೇ ತಡ! ಗುಡ್ಡದ ಪೊದೆಗಳೆಲ್ಲ ಬರಿದಾದವು. ಲಂಗದ ಮಡಿಲು ತುಂಬಿ ಹೂ ಬಂತು, ಬಾಳೆಯ ನಾರು ಬಂತು. ಹುಡುಗಿಯರು ಕಟ್ಟೆಯ ಮೇಲೆ ಕೂತು ಕಟ್ಟಲು ಶುರುಮಾಡಿದರು. ಎರಡು ಹೂ ಈ ಕಡೆ, ಎರಡು ಆ ಕಡೆ, ಬೆರಳಿನ ಒಂದು ಸುತ್ತು, ಒಂದು ಎಳೆತ. ಮಾತಾಡುತ್ತಲೇ, ಕೈ ನೋಡದೆಯೇ. ಬಿಡಿ ಹೂ ಇಟ್ಟೇ ಅಭ್ಯಾಸವಿದ್ದ ಆ ಮುದುಕಿ ಹತ್ತಿರ ಬಂದು ಬಗ್ಗಿ ನೋಡಿದರು. ಪುಟ್ಟಲಕ್ಷ್ಮಿಯ ಕೈ ಹಿಡಿದು ನಿಧಾನ ಮಾಡಿಸಿ ಮತ್ತೆ ನೋಡಿದರು. ತಾವೂ ಒಂದು ಗಂಟು ಹಾಕಲು ಹೋದರು. ಹೂವೆಲ್ಲ ಜಾರಿ ಮಡಿಲಿಗೆ ಬಿತ್ತು. ಅವರು ನಕ್ಕರು. ಆ ನಗುವಿಗೆ ನನ್ನ ಎದೆಯ ಮೇಲಿನ ಬಂಡೆ ಇಳಿಯಿತು.

ಮಾಲೆ ಬುದ್ಧನ ಮುಂದಿನ ಕಲ್ಲುಹಾಸನ್ನು ಮೂರು ಸುತ್ತು ಬಳಸಿತು. ಶಾಮಣ್ಣನವರು ಗಡಿಯಾರ ತೆಗೆದು, "ಟೈಂ ಆಯ್ತು ಟೀಚರ್, ರೈಲು ತಪ್ಪತ್ತೆ" ಎಂದು ಜಪ ಶುರುಮಾಡಿದರು. ಹೊರಡುವಾಗ ಸೋಮಾ, ಇಷ್ಟು ದೂರ ಏನು ನೋಡಲು ಬಂದಿರಿ ಎಂದು ಕೇಳಿದಳು. ನಾನು ಶ್ರೀತಾಳೆಯ ವಿಷಯ ಹೇಳಿದೆ. ಹೂ ಬಿಟ್ಟದ್ದು ಸಿಗಲಿಲ್ಲ ಎಂದೆ.

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿದರು.

"ನಮ್ಮ ಹಿತ್ತಿಲಲ್ಲಿದೆ" ಎಂದಳು ಸೋಮಾ.

ಮೆಣಿಕೆ ಅಜ್ಜಿಯ ಹಿತ್ತಿಲು

ನಾನು ಓಡಿದೆ. ಸೀರೆ ಎತ್ತಿ ಕಟ್ಟಿ, ಗುಡ್ಡದ ಇಳಿಜಾರಿನಲ್ಲಿ, ವಿದ್ಯಾರ್ಥಿನಿಯರ ಮುಂದೆ ಓಡಿದೆ. ಹೆಂಚಿನ ಮನೆಯ ಸೂರಿನ ಹಿಂದೆ ಅದು ಕಂಡಿತು. ಅಯ್ಯೋ, ನಾನು ಇಷ್ಟು ವರ್ಷ ಏನು ತೋರಿಸುತ್ತಿದ್ದೆ ಮಕ್ಕಳಿಗೆ! ತೆಂಗಿನ ಮರಗಳೆಲ್ಲ ಅದರ ಸೊಂಟಕ್ಕೆ. ಅದರ ನೆತ್ತಿಯ ಮೇಲೆ, ಆಕಾಶದಲ್ಲಿ, ಕೆನೆ ಬಣ್ಣದ ಇನ್ನೊಂದು ಮರ. ಕೊಂಬೆಯ ಮೇಲೆ ಕೊಂಬೆ, ಗೊಂಚಲ ಮೇಲೆ ಗೊಂಚಲು, ಬಿಸಿಲಲ್ಲಿ ಹೊಳೆಯುತ್ತಿತ್ತು. ಜೇನುಹುಳುಗಳ ಮೊರೆತ ನೆಲಕ್ಕೆ ಕೇಳುತ್ತಿತ್ತು. ಅಕ್ಕಿಕಾಳಿನಂಥ ಹೂ ಸದ್ದಿಲ್ಲದೆ ಉದುರಿ ಹಿತ್ತಿಲೆಲ್ಲ ಬೆಳ್ಳಗಾಗಿತ್ತು. ಹುಳಿ ಮಜ್ಜಿಗೆಯ ವಾಸನೆ. ಅದರಿಂದಲೂ ನನಗೆ ಆನಂದವಾಯಿತು, ಪುಸ್ತಕದಲ್ಲಿ ವಾಸನೆಯ ವಿಷಯ ಇರಲೇ ಇಲ್ಲ! ಹುಡುಗಿಯರು ಚಪ್ಪಾಳೆ ತಟ್ಟಿದರು, ಕಿರುಚಿದರು, ಮುಖ ಮೇಲೆತ್ತಿ ತಿರುಗಿದರು. ಶಾಮಣ್ಣನವರ ಟೋಪಿ ಹಿಂದಕ್ಕೆ ಬಿತ್ತು. ನಾನು ಅಳುತ್ತಿದ್ದೆ. ಮುಚ್ಚಿಕೊಳ್ಳಲೂ ಇಲ್ಲ.

ಸ್ವಲ್ಪ ಹೊತ್ತಾದ ಮೇಲೆ ಗಮನಿಸಿದೆ. ಹೂ ಜೋಡಿಸಿದ್ದ ಮೆಣಿಕೆ ಅಜ್ಜಿ ಹಿತ್ತಿಲಿಗೆ ಬಂದಿರಲಿಲ್ಲ. ಮರದ ಕಡೆಯ ಕಿಟಕಿ ಮುಚ್ಚಿತ್ತು.

"ಹೂ ಬಿಟ್ಟಾಗಿನಿಂದ ಅತ್ತೆ ಈ ಕಡೆ ಬರೋದಿಲ್ಲ" ಎಂದಳು ಸೋಮಾ. ಮೆಣಿಕೆ ಅಜ್ಜಿ ಮದುವೆಯಾಗಿ ಈ ಮನೆಗೆ ಕಾಲಿಟ್ಟಾಗ ಮರ ಮೊಳಕಾಲುದ್ದ ಇತ್ತಂತೆ. ಮೇಕೆ ತಿನ್ನದ ಹಾಗೆ ನೋಡಿಕೊಳ್ಳುವುದು ಹೊಸ ಸೊಸೆಯ ಮೊದಲ ಕೆಲಸವಾಗಿತ್ತಂತೆ. ಈಗ ಹೂ ಬಿಟ್ಟಿದೆ, ಅಂದರೆ ಸತ್ತ ಹಾಗೆ. ಹೂ ಉದುರಿದ್ದೇ ಕಾಂಡ ಕೊಳೆತು ಮನೆಯ ಮೇಲೆ ಬೀಳುತ್ತದೆ ಎಂದು ಊರವರೆಲ್ಲ ಹೆದರಿಸಿದ್ದರು. ನಮ್ಮ ಯುಗಾದಿಯ ಹಾಗೆ ಬೇಸಗೆಯಲ್ಲಿ ಬರುವ ಅವರ ಹೊಸ ವರ್ಷದ ಹಬ್ಬಕ್ಕೆ ಕೊಲಂಬೊದಿಂದ ಮಗ ಬರುತ್ತಾನೆ. ಹಬ್ಬ ಮುಗಿದ ಮರುದಿನವೇ ಕಡಿಸುತ್ತಾನೆ. ಹಬ್ಬಕ್ಕೆ ಇನ್ನು ವಾರವೂ ಇರಲಿಲ್ಲ.

ನಾವು ಚಪ್ಪಾಳೆ ತಟ್ಟಿದ್ದು ಯಾತಕ್ಕೆ ಎಂದು ನನಗೆ ಆಗ ಹೊಳೆಯಿತು. ಒಳಗೆ ಹೋದೆ. ಅಜ್ಜಿ ಕತ್ತಲ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು.

"ಅಜ್ಜಿ, ಅದು ಈಗಲೇ ಸಾಯೋದಿಲ್ಲ" ಎಂದೆ. ಕನ್ನಡದಲ್ಲೇ ಅಂದುಬಿಟ್ಟೆ. ಆಮೇಲೆ ಇಂಗ್ಲಿಷಿನಲ್ಲಿ ಸೋಮಾಗೆ ಹೇಳಿದೆ. ಹೂ ಉದುರಿದ ಮೇಲೆ ಕಾಯಿ ಕಟ್ಟುತ್ತದೆ. ಗೋಲಿಯಂಥ ಕಾಯಿ, ಸಾವಿರ ಸಾವಿರ. ಅವು ಬಲಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಲ್ಲಿಯ ತನಕ ಮರ ಜೀವ ಹಿಡಿದೇ ನಿಲ್ಲುತ್ತದೆ, ಕಾಯಿಗಳನ್ನು ಸಾಕಬೇಕಲ್ಲ. ಕೊಳೆಯುವುದೆಲ್ಲ ಅದರ ಆಮೇಲೆ. ಪರೀಕ್ಷೆಗೆಂದು ಹುಡುಗಿಯರಿಗೆ ಎಷ್ಟು ಸಲ ಉರುಹೊಡೆಸಿದ್ದೆನೋ ಆ ಸಾಲುಗಳನ್ನು.

ಅಜ್ಜಿ ಅದನ್ನು ಇನ್ನೊಮ್ಮೆ ಹೇಳಿಸಿದರು. ಬೆರಳು ಮಡಚುತ್ತ ತಿಂಗಳು ಎಣಿಸಿದರು.

"ಮುಂದಿನ ಹೊಸ ವರ್ಷದ ಹತ್ತಿರದವರೆಗೂ ಇರುತ್ತಾ, ಅಂತ ಕೇಳ್ತಾರೆ."

"ಇರುತ್ತೆ."

"ಮಗ ಬರಲಿ, ಬೆಂಗಳೂರಿನಿಂದ ಟೀಚರ್ ಬಂದು ಕಡೀಬೇಡ ಅಂದರು ಅಂತ ಹೇಳ್ತಾರಂತೆ."

ಅಜ್ಜಿ ಎದ್ದು ಕಿಟಕಿ ತೆಗೆದರು. ಬೆಳಕು ಒಳಗೆ ನುಗ್ಗಿತು, ಜೊತೆಗೆ ಜೇನಿನ ಮೊರೆತ, ನಮ್ಮ ಹುಡುಗಿಯರ ಗಲಾಟೆ. ಅವರು ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಹಿತ್ತಿಲಿಗೆ ನಡೆದು, ಬುಡದಲ್ಲಿ ಹಾಸಿ, ಬೆನ್ನನ್ನು ಕಾಂಡಕ್ಕೆ ಕೊಟ್ಟು ಕೂತರು. ಹೂ ಅವರ ತಲೆಯ ಮೇಲೆ, ಹೆಗಲ ಮೇಲೆ ಬೀಳತೊಡಗಿತು. ಮೇಲೆ ನೋಡುತ್ತ ಸೊಸೆಗೆ ಏನೋ ಹೇಳಿದರು. ಸೋಮಾ ಸೆರಗಿನಿಂದ ಕಣ್ಣೊರೆಸಿಕೊಂಡು, ನಗುತ್ತ, ಆಮೇಲೆ ನನ್ನ ಕಡೆ ತಿರುಗಿದಳು.

"ಹಾಗಾದರೆ ಇದು ನನಗಿಂತ ಮುಂಚೆ ಹೋಗೋದಿಲ್ಲ ಬಿಡು, ಅಂತಾರೆ."

ಅಜ್ಜಿಯ ಮುಖದಲ್ಲಿ ಸಂತೋಷವಲ್ಲದೆ ಬೇರೇನೂ ಇರಲಿಲ್ಲ. ನಾನು ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ.